ತಂಬಾಕಿನ ಮನೆಯ ಹೊಸ್ತಿಲು

ಖಾಸಬಾಗದ ನಮ್ಮ ಮನೆಗೆ ಮುಂಬಾಗಿಲು ಇದ್ದೂ ಇಲ್ಲದಂತಿತ್ತು. ರಸ್ತೆಗೆ ಮುಖ ಮಾಡಿದ ಮೊದಲ ಕೋಣೆಯೇ ಅಪ್ಪನ ಅಂಗಡಿ. ಮನೆಯೊಳಗೆ ಬರಬೇಕಾದವರು ಅಂಗಡಿಯ ಕಟ್ಟೆ ಹತ್ತಿ, ತೂಗುಬಿಟ್ಟ ಗುಟಕಾ ಚೀಟುಗಳ ಮಾಲೆಗಳನ್ನು ಕೈಯಿಂದ ಸರಿಸಿ, ಅಪ್ಪನ ಗಾದಿಯ ಪಕ್ಕದ ಕಿರಿದಾದ ಬಾಗಿಲಿನಿಂದ ಒಳಗೆ ಬರಬೇಕಿತ್ತು. ನೆಂಟರು, ಗ್ಯಾಸ್ ಸಿಲಿಂಡರಿನವರು, ನನ್ನ ಶಾಲೆಯ ಗೆಳತಿಯರು ಎಲ್ಲರೂ ಹಾಗೆಯೇ ಬರುತ್ತಿದ್ದರು. ಬೀಡಿ, ಸಿಗರೇಟು, ಜರ್ದಾ, ನಶ್ಯ, ನಿಪ್ಪಾಣಿಯ ಕಡೆಯಿಂದ ಚೀಲಗಳಲ್ಲಿ ಬರುವ ಎಲೆ ತಂಬಾಕು, ಇವು ಮುಖ್ಯ ಸರಕು. ಜೊತೆಗೆ ಮಕ್ಕಳಿಗೆಂದು ಬಣ್ಣದ ಸೋಡಾ ಮತ್ತು ಖಾರದ ಪಾಕೀಟುಗಳು. ಗಾದಿಯ ಹಿಂದಿನ ಬಾಗಿಲು ದಾಟಿದರೆ ನಡುಮನೆ, ಅದರಾಚೆ ಅಡುಗೆಮನೆ. ಆ ಅಡುಗೆಮನೆಗೆ ಈರುಳ್ಳಿ, ಬೆಳ್ಳುಳ್ಳಿ, ಬಟಾಟಿ ಬರುತ್ತಿರಲಿಲ್ಲ. ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳು ಸಾಯಬಾರದೆಂದು ಅದನ್ನು ಮತ್ತೆ ಬಾವಿಯ ನೀರಿನಲ್ಲಿ ಅದ್ದುತ್ತಿದ್ದರು. ಸೂರ್ಯ ಮುಳುಗುವ ಮುನ್ನ ರಾತ್ರಿಯ ಊಟ ಮುಗಿಯಬೇಕು. ಆ ಹೊತ್ತಿಗೆ ಅಪ್ಪ ಅಂಗಡಿಯ ಶಟರನ್ನು ಅರ್ಧಕ್ಕೆ ಇಳಿಸಿ, ಕೈಯನ್ನು ಮೊಣಕೈವರೆಗೆ ತೊಳೆದು, ಊಟಕ್ಕೆ ಕೂರುತ್ತಿದ್ದ. ಅವನು ಆಯುಷ್ಯದಲ್ಲಿ ಒಂದು ಬೀಡಿ ಸೇದಿದವನಲ್ಲ. ಮುಂದಿನ ಕೋಣೆ ಮತ್ತು ಹಿಂದಿನ ಕೋಣೆ ಒಂದೇ ಸೂರಿನ ಕೆಳಗೆ ಇರುವುದು ವಿಚಾರ ಮಾಡಬೇಕಾದ ಸಂಗತಿ ಎಂದು ನನಗೆ ಬಹಳ ಕಾಲ ಅನ್ನಿಸಿರಲಿಲ್ಲ.

ಮನೆಗೆ ಇನ್ನೊಂದು ಬಾಗಿಲಿತ್ತು, ಹಿತ್ತಲಿನದು. ಅದು ಆಯಿಯ ಬಾಗಿಲು. ಆಯಿ ಅಂದರೆ ಅಪ್ಪನ ತಾಯಿ. ಅವಳು ಹಿತ್ತಲಿನ ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಕಬ್ಬಿಣದ ಹಂಚಿನ ಮೇಲೆ ಎಲೆ ತಂಬಾಕನ್ನು ಕರ್ರಗಾಗುವವರೆಗೆ ಹುರಿದು, ಕೈಯಿಂದಲೇ ಪುಡಿ ಮಾಡಿ, ಹಳೆಯ ಹಾಲಿನ ಪುಡಿಯ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಅದಕ್ಕೆ ನಮ್ಮಲ್ಲಿ ಮಶೇರಿ ಎನ್ನುತ್ತಾರೆ. ಹೆಂಗಸರು ಬೆಳಿಗ್ಗೆ ಎದ್ದು ತೋರುಬೆರಳಿನಿಂದ ಅದನ್ನು ಹಲ್ಲಿಗೂ ವಸಡಿಗೂ ತಿಕ್ಕಿಕೊಂಡು, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ಗಂಡಸರ ಎದುರಿನಲ್ಲಿ ಅಂಗಡಿ ಹತ್ತಲು ಸಂಕೋಚಪಡುವ ಮಗ್ಗದ ಮನೆಗಳ ಹೆಂಗಸರು ಹಿತ್ತಲಿಗೆ ಬರುತ್ತಿದ್ದರು. ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ, ಎಲ್ಲರೂ ದನಿ ತಗ್ಗಿಸಿಯೇ ಕೇಳುತ್ತಿದ್ದರು.

"ಆಯಿ, ಮಶೇರಿ ಆಹೆ ಕಾ?"

"ಆಹೆ, ಆಹೆ. ಕುಂದರ ಬಾ. ನಿನ್ನ ಹಿರೇ ಸೊಸಿ ಹಡದ್ಲೇನ?"

ಆಯಿ ತಾನೂ ಹಚ್ಚಿಕೊಳ್ಳುತ್ತಿದ್ದಳು. ಬೆಳಗಿನ ಆ ಹೊತ್ತಿನಲ್ಲಿ ಅವಳನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಕುಳಿತು, ಒಂದು ಕೆನ್ನೆ ಸ್ವಲ್ಪ ಉಬ್ಬಿಸಿಕೊಂಡು, ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಹುರಿಯುವ ದಿನ ಮನೆಯೆಲ್ಲ ಕೆಮ್ಮುತ್ತಿತ್ತು. ಅವ್ವ ನನ್ನ ಶಾಲೆಯ ಸಮವಸ್ತ್ರವನ್ನು ಪಕ್ಕದ ಮನೆಯ ತಂತಿಗೆ ಒಣಹಾಕುತ್ತಿದ್ದಳು.

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಬರುವ ಒಂದು ಆಚರಣೆಯಿತ್ತು, ಅದು ಬಜೆಟ್ಟಿನದು. ಬಜೆಟ್ಟು ಹತ್ತಿರ ಬಂತೆಂದರೆ ಅಪ್ಪ ಸಿಗರೇಟಿನ ಪೆಟ್ಟಿಗೆಗಳನ್ನು ಎಷ್ಟು ಸಿಕ್ಕರೆ ಅಷ್ಟು ತರಿಸಿ ನಾನು ಮಲಗುವ ಕೋಣೆಯಲ್ಲಿ ಒಟ್ಟುತ್ತಿದ್ದ. ತೆರಿಗೆ ಏರಿದ ಮರುದಿನ ಹಳೆಯ ಸರಕಿಗೂ ಹೊಸ ದರ ಬರುತ್ತಿತ್ತು. ನನ್ನ ಮಂಚ ಮತ್ತು ಗೋಡೆಯ ನಡುವೆ, ಕಿಟಕಿಯ ಅರ್ಧದವರೆಗೆ, ಪೆಟ್ಟಿಗೆಗಳು ಏರುತ್ತಿದ್ದವು. ಆ ದಿನಗಳಲ್ಲಿ ನಾನು ಅವುಗಳ ಮೇಲೆಯೇ ಪುಸ್ತಕವಿಟ್ಟು ಓದುತ್ತಿದ್ದೆ. ಪೆಟ್ಟಿಗೆಯ ಮೇಲಿನ ರೋಗದ ಚಿತ್ರಗಳಿಗೆ ಅವ್ವ ಹಳೆಯ ಪತ್ರಿಕೆ ಹೊದಿಸುತ್ತಿದ್ದಳು. ಬಜೆಟ್ಟಿನ ದಿನ ಟಿವಿಯ ಮುಂದೆ ಅಪ್ಪ ಒಂದೇ ಸಾಲಿಗಾಗಿ ಕಾಯುತ್ತಿದ್ದ. ರೈತರು, ರೈಲು, ರಸ್ತೆ ಎಲ್ಲ ಹೋಗುವವರೆಗೂ ಅಡಿಕೆ ಕತ್ತರಿಸುತ್ತಿದ್ದ. ತಂಬಾಕು ಎಂಬ ಪದ ಬಂದಾಗ ಅಡಕತ್ತರಿ ನಿಲ್ಲುತ್ತಿತ್ತು. ಸಾಲು ಮುಗಿದ ಮೇಲೆ ಟಿವಿ ಆರಿಸಿ ಹೊರಗೆ ಹೋಗುತ್ತಿದ್ದ. ದೇಶದ ಉಳಿದ ಆಯವ್ಯಯ ನಮ್ಮ ಮನೆಗೆ ತಿಳಿಯುತ್ತಿರಲಿಲ್ಲ.

ಅಂಥ ಒಂದು ಬಜೆಟ್ಟಿನ ಸಂಜೆಯ ಊಟದಲ್ಲಿ ಅಪ್ಪ ಮಾತು ಕೊಟ್ಟ. ಕೇಳಿದವಳು ಅವ್ವ. ಅವ್ವ ಹೆಚ್ಚು ಮಾತನಾಡುವವಳಲ್ಲ, ಮಾತನಾಡಿದರೆ ಕೈಯಲ್ಲಿ ಏನಾದರೂ ಕೆಲಸವಿರುತ್ತಿತ್ತು. ಆವತ್ತು ರೊಟ್ಟಿ ಬಡಿಯುತ್ತಿದ್ದಳು.

"ವರ್ಷಾ ವರ್ಷಾ ಏರಸ್ತಾರು. ಮಂದಿ ಬಿಡೂದಿಲ್ಲ, ನೀವೂ ಬಿಡೂದಿಲ್ಲ. ಹಿಂಗ ಎಲ್ಲೀತನಕಾ?"

"ಸರಕಾರ ಅದರಾಗ ಟ್ಯಾಕ್ಸ್ ತಗೋತೈತಿ, ನಾ ಅದರಾಗ ಕಮಿಷನ್ ತಗೋತೀನಿ. ಇಬ್ರೂ ಒಂದ ಅಂಗಡಿ ಮಂದಿ. ಅವರು ಬಂದ್ ಮಾಡಿದ ದಿನ ನಾನೂ ಬಂದ್ ಮಾಡ್ತೀನಿ."

"ಖರೇ?"

"ಖರೇ ಅಂದ್ರ ಖರೇ. ಬ್ಯಾನ್ ಆದಮ್ಯಾಲೂ ಮಾರಿ ಹಿಂಡಲಗಾದ ಜೇಲಿನಾಗ ಕುಂದರಾಕ ನನಗೇನ ಹುಚ್ಚ?"

ಆಯಿ ತಟ್ಟೆಯಿಂದ ತಲೆ ಎತ್ತಿ ಮಗನನ್ನು ನೋಡಿದಳು.  ಆಯಿಯ ಎದುರಿನಲ್ಲಿ, ಅನ್ನದ ಮುಂದೆ ಕುಳಿತು ಆಡಿದ ಮಾತು ನಮ್ಮ ಮನೆಯಲ್ಲಿ ಬರಿಯ ಮಾತಾಗಿರುತ್ತಿರಲಿಲ್ಲ.

ಗುಟಕಾ ನಿಷೇಧವಾಯಿತು. ಪತ್ರಿಕೆಯಲ್ಲಿ ಬಂತು, ಟಿವಿಯಲ್ಲಿ ಬಂತು. ಯಾರೋ ಅಧಿಕಾರಿಗಳು ಪೇಟೆಯಲ್ಲಿ ಒಂದು ಸುತ್ತು ಹಾಕಿಹೋದರು. ಅಪ್ಪ ಮಾಲೆಗಳನ್ನು ಇಳಿಸಿದ. ಒಂದಷ್ಟು ದಿನ ನಾವು ಏನನ್ನೂ ಸರಿಸದೆ ಮನೆಯೊಳಗೆ ಬಂದೆವು. ಅಂಗಡಿಯ ಮಾಡು ಇದ್ದಕ್ಕಿದ್ದಂತೆ ಎತ್ತರವಾದಂತೆ ಕಾಣುತ್ತಿತ್ತು. ಆಮೇಲೆ ಹೊಸ ಮಾಲೆಗಳು ಬಂದವು. ಈ ಸಲ ಜೋಡಿಯಾಗಿ ಬಂದವು. ಒಂದು ಮಾಲೆಯಲ್ಲಿ ತಂಬಾಕಿಲ್ಲದ ಪಾನ್ ಮಸಾಲಾ, ಪಕ್ಕದ ಮಾಲೆಯಲ್ಲಿ ಬರಿಯ ತಂಬಾಕಿನ ಸಣ್ಣ ಚೀಟು. ಕೂಡಿಸಿ ಮಾರಿದರೆ ಮಾತ್ರ ಗುಟಕಾ. ಬೇರೆ ಬೇರೆ ಮಾರಿದರೆ ಎರಡೂ ಬೇರೆ ಬೇರೆ ಸರಕು. ಗಿರಾಕಿ ಎರಡನ್ನೂ ಕೊಂಡು, ಕಟ್ಟೆಯ ಮೇಲೆ ನಿಂತು, ಒಂದನ್ನು ಹರಿದು ಇನ್ನೊಂದರೊಳಗೆ ಸುರುವಿ, ಹೆಬ್ಬೆರಳಿನಿಂದ ಚೀಟಿನ ಬಾಯಿ ಮುಚ್ಚಿ ಅಲ್ಲಾಡಿಸಿ, ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದ. ಆಯಿ ಗಾದಿಯ ಹಿಂದಿನ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು.

"ಅಪ್ಪಾಸಾಬ, ಬಂದ್ ಆತು ಅಂದಿದ್ದಿ."

"ಆಗೇತಲ್ಲ. ಗುಟಕಾ ಎಲ್ಲೈತಿ ತೋರಸು. ಇದು ಮಸಾಲಿ, ಇದು ತಂಬಾಕ."

"ಕಣ್ಣಿಗಿ ಕಾಣ್ತೈತಿ ನನಗ."

"ಮಂದಿ ಬಾಯಾಗ ಹೋಗಿ ಕೂಡಿದ್ರ ಅದಕ್ಕ ನಾ ಏನ ಮಾಡ್ಲಿ? ಹಂಗಾರ ಸಕ್ಕರೀನೂ ಬಂದ್ ಮಾಡ್ರಿ, ಎಣ್ಣೀನೂ ಬಂದ್ ಮಾಡ್ರಿ."

ಅವನು ನಗುತ್ತಲೇ ಹೇಳಿದ. ಆಯಿಯೂ ಸ್ವಲ್ಪ ನಕ್ಕಳು. ಅವಳ ಡಬ್ಬಿಯಲ್ಲೂ ತಂಬಾಕೇ ಇತ್ತು. ಹಾಗಾಗಿ ಅವಳು ಹೆಚ್ಚು ಹೇಳುವ ಸ್ಥಿತಿಯಲ್ಲಿರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬಸದಿಗೆ ಒಬ್ಬ ದಿಗಂಬರ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಬಂದರು. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನೆಲೆಸುವ ಅವರು ದಿನಕ್ಕೊಮ್ಮೆ, ಬೆಳಿಗ್ಗೆ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಆಹಾರ ತೆಗೆದುಕೊಳ್ಳುತ್ತಾರೆ. ಯಾರ ಮನೆಯಲ್ಲಿ ಎಂದು ಮೊದಲೇ ಹೇಳುವುದಿಲ್ಲ. ಬೇಕೆಂದವರು ಮಡಿಯಲ್ಲಿ ಅಡುಗೆ ಮಾಡಿ, ಕಳಶ ಹಿಡಿದು ತಮ್ಮ ಹೊಸ್ತಿಲ ಮುಂದೆ ನಿಲ್ಲಬೇಕು. ಮುನಿಗಳು ಮೌನವಾಗಿ ಬೀದಿಯಲ್ಲಿ ನಡೆದುಬರುತ್ತಾರೆ. ಮನಸ್ಸಿನಲ್ಲಿ ಏನೋ ಒಂದು ನಿಯಮ ಮಾಡಿಕೊಂಡಿರುತ್ತಾರೆ. ಅದು ಕೂಡಿಬಂದ ಮನೆಯ ಮುಂದೆ ನಿಲ್ಲುತ್ತಾರೆ. ಆಗ ಮನೆಯವರು ಪ್ರದಕ್ಷಿಣೆ ಹಾಕಿ, ಮನಸ್ಸು ಶುದ್ಧವಿದೆ, ಮಾತು ಶುದ್ಧವಿದೆ, ದೇಹ ಶುದ್ಧವಿದೆ, ಆಹಾರ ನೀರು ಶುದ್ಧವಿದೆ ಎಂದು ಬಾಯಿಬಿಟ್ಟು ಹೇಳಿ ಒಳಗೆ ಕರೆಯಬೇಕು. ಹೇಳದೆ ಅವರು ಹೊಸ್ತಿಲು ದಾಟುವುದಿಲ್ಲ. ಆಯಿ ಬೇರೆಯವರ ಮನೆಗಳಲ್ಲಿ ಇದಕ್ಕೆ ನೀರು ಸೋಸಿದ್ದಳು, ಹಿಟ್ಟು ಬೀಸಿದ್ದಳು, ಪಾತ್ರೆ ತಿಕ್ಕಿದ್ದಳು. ತನ್ನ ಹೊಸ್ತಿಲಲ್ಲಿ ನಿಂತಿರಲಿಲ್ಲ. ಆ ವರ್ಷ ನಿಲ್ಲುತ್ತೇನೆಂದಳು. ಅದಕ್ಕಿಂತ ಮೊದಲು ಅವಳು ತನಗಾಗಿ ಏನನ್ನಾದರೂ ಬೇಕೆಂದು ಕೇಳಿದ್ದು ನನಗೆ ನೆನಪಿಲ್ಲ.

ಬಸದಿಯ ಹೆಂಗಸರ ಕಡೆಯಿಂದ ಪದ್ಮಕ್ಕ ಎಂಬವರು ವಿಚಾರಿಸಲು ಬಂದರು. ಆಹಾರ ಕೊಡುವವರ ಮನೆಯ ಬಾವಿ, ಒಲೆ, ಮಡಿಬಟ್ಟೆ ನೋಡುವುದು ಅವರ ಕೆಲಸ. ಎಲ್ಲ ನೋಡಿ, ಚಹಾ ಬೇಡವೆಂದು ಹೇಳಿ, ಕೊನೆಗೆ ಕೇಳಿದರು.

"ಕಾಕು, ಮನ್ಯಾಗ ಚಟಾ ಇದ್ದವ್ರು ಯಾರೂ ಇಲ್ಲಲ್ರಿ? ಆಹಾರಾ ಕೊಡಾವ್ರು ಜಲ್ಮಕ್ಕ ಬಿಟ್ಟಿರಬೇಕ್ರಿ."

"ಗಂಡಮಕ್ಕಳಿಗಿಲ್ಲ," ಎಂದಳು ಆಯಿ. "ನನಗೈತಿ. ಮಶೇರಿ ಹಚ್ಚತೇನಿ."

ಅಪ್ಪ ಗಾದಿಯಿಂದಲೇ ಹೇಳಿದ. "ಅದು ಹಲ್ಲಿನ ಪುಡಿ, ಪದ್ಮಕ್ಕ. ಚಟಾ ಅಲ್ಲ. ನೀವು ಪೇಸ್ಟ್ ಹಚ್ಚತೀರಿ, ಅಕಿ ಮಶೇರಿ ಹಚ್ಚತಾಳು."

ಪದ್ಮಕ್ಕ ನಕ್ಕು, ಹಾಗೂ ಹೇಳಬಹುದು ಎಂಬಂತೆ ಆಯಿಯ ಕಡೆ ನೋಡಿದರು. ದಾರಿ ತೆರೆದೇ ಇತ್ತು.

"ಹಲ್ಲ ಎಲ್ಲಿ ಅದಾವ ನನಗ ತಿಕ್ಕಾಕ?" ಎಂದಳು ಆಯಿ. "ಇವತ್ತಿಂದ ಬಿಟ್ಟೆ. ಬರಕೋರಿ."

ಅವಳು ಹಾಲಿನ ಪುಡಿಯ ಡಬ್ಬಿಯನ್ನು ಬೂದಿಗುಂಡಿಯಲ್ಲಿ ಸುರುವಿ, ತೊಳೆದು, ಬಿಸಿಲಿಗೆ ಕವುಚಿದಳು. ಹಂಚನ್ನು ಹಳೇಸಾಮಾನಿನವನಿಗೆ ಕೊಟ್ಟಳು. ಮರುದಿನದಿಂದ ತಲೆನೋವು ಶುರುವಾಯಿತು. ಕೈ ನಡುಗುತ್ತಿತ್ತು, ಅನ್ನ ರುಚಿಸುತ್ತಿರಲಿಲ್ಲ, ಬಾವಿಕಟ್ಟೆಯ ಮೇಲೆ ಕುಳಿತರೆ ಬೆರಳು ತಾನೇ ಬಾಯಿಗೆ ಹೋಗುತ್ತಿತ್ತು. ಸಣ್ಣ ಮಾತಿಗೂ ಅವ್ವನ ಮೇಲೆ ರೇಗುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ಸರಿಸಿ ಎದ್ದಳು, ಆಮೇಲೆ ಬಂದು ಅದೇ ಸಾರನ್ನು ಉಂಡಳು. ಅವ್ವ ಅವಳ ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದಳು. ಖಾನಾಪುರದಿಂದ ಆಯಿಯ ತಂಗಿ ಚಂದಕ್ಕನ ಫೋನು ಬಂತು. ಅವರದು ಮಾಡಿನ ಹಂಚಿನ ವ್ಯಾಪಾರದ ಮನೆ. ಮಾತಿನಲ್ಲಿ ಅರ್ಧ ಮರಾಠಿ. ಫೋನಿನ ಹೊರಗೂ ಕೇಳುವಷ್ಟು ಗಟ್ಟಿ ದನಿ.

"ಅಕ್ಕಾ, ಇಷ್ಟ ತ್ರಾಸ್ ಕಶಾಲಾ ಗ, ಯಾಕ ಬೇಕು? ಮುಂದಿನ ವರ್ಷ ಮಹಾರಾಜರು ನಮ್ಮ ಕಡೆ ಬರ್ತಾರಂತ. ನಮ್ಮ ಮನ್ಯಾಗ ನಿಂತ ಕೊಡು."

"ನಿನ್ನ ಹೊಸ್ತಲಾ ನಿನ್ನದು. ನನ್ನದರ ಮ್ಯಾಲ ನಿಲ್ತೇನಿ ನಾ."

ನನ್ನ ನೆನಪಿನಲ್ಲಿ ಉಳಿದದ್ದು ತಲೆನೋವಿಗಿಂತ ಆಮೇಲೆ ನಡೆದದ್ದು. ಹಿತ್ತಲಿಗೆ ಹೆಂಗಸರು ಬರುತ್ತಲೇ ಇದ್ದರು. ಆಯಿ ಪ್ರತಿಯೊಬ್ಬರಿಗೂ ಹುರಿಯುವುದನ್ನು ಬಿಟ್ಟೆನೆಂದು ಹೇಳಿ, ನೀವೂ ಬಿಡಿರೆಂದು ಸೇರಿಸಿ ಕಳಿಸುತ್ತಿದ್ದಳು. ಅವರು ತಲೆ ಆಡಿಸಿ ಹೋಗುತ್ತಿದ್ದರು. ಹೋಗುವುದು ಮನೆಗಲ್ಲ, ಸಂದಿಯಿಂದ ಸುತ್ತಿ ಮುಂದಿನ ರಸ್ತೆಗೆ. ಅಪ್ಪ ಮೊದಲು ಪಾಕೀಟಿನ ಮಶೇರಿ ಇಡುತ್ತಿರಲಿಲ್ಲ, ಕೇಳುವವರಿರಲಿಲ್ಲ. ಈಗ ಕೇಳಿದರು. ತರಿಸಿದ. ಸೆರಗನ್ನು ಮುಖಕ್ಕೆ ಎಳೆದುಕೊಂಡು ಬರುತ್ತಿದ್ದವರು ಕೆಲವೇ ವಾರಗಳಲ್ಲಿ ಸೆರಗು ಎಳೆಯುವುದನ್ನೂ ಬಿಟ್ಟರು. ಒಂದು ಮಧ್ಯಾಹ್ನ ಆಯಿ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು, ನಾನು ಪಕ್ಕದಲ್ಲಿ ಓದುತ್ತಿದ್ದೆ. ಅಂಗಡಿಯಿಂದ ಮಗ್ಗದ ಮನೆಯ ಸುಮಿತ್ರೆಯ ದನಿ ಕೇಳಿತು.

"ಎರಡ ಪಾಕೀಟ ಕೊಡ್ರಿ ಅಣ್ಣಾ. ಆಯೀದು ಒಂದ ಚಿಟಿಕಿ ಸಾಕಾಗತಿತ್ತು. ಇದು ಬಾಯಿ ಸುಡತೈತಿ, ಆದ್ರೂ ಮತ್ತ ಮತ್ತ ಬೇಕಾಗತೈತಿ."

"ಆಯಿ ರಿಟಾಯರ್ ಆಗ್ಯಾಳ," ಎಂದ ಅಪ್ಪ. "ಈಗ ಎಲ್ಲಾ ಡಿಪಾರ್ಟ್‌ಮೆಂಟ ನಂದ."

ಆಯಿಯ ಕೈ ಅಕ್ಕಿಯ ಮೇಲೆ ಹಾಗೇ ನಿಂತಿತು.  ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ಎದ್ದು ಹೋಗಿ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿಬಂದಳು. ಹಗಲಿನಲ್ಲಿ ಆ ಬಾಗಿಲಿಗೆ ಅಗುಳಿ ಬಿದ್ದದ್ದು ನಾನು ಕಂಡದ್ದು ಆವತ್ತೇ.

ನಾವು ಕಳಶ ಹಿಡಿದು ನಿಲ್ಲುವ ದಿನ ನಿಗದಿಯಾಯಿತು. ಪದ್ಮಕ್ಕ ಚಟವನ್ನು ಕೇಳಿದ್ದರು, ವ್ಯಾಪಾರವನ್ನು ಕೇಳಿರಲಿಲ್ಲ. ಅಪ್ಪ ಇದನ್ನು ಮನೆಯಲ್ಲಿ ಒಂದೆರಡು ಸಲ ನೆನಪಿಸಿದ. ಆದರೂ ಸುಮ್ಮನೆ ಇರಲಿಲ್ಲ. ಹಿಂದಿನ ದಿನವೇ ಅಂಗಡಿ ಮುಚ್ಚಿ, ಕಟ್ಟೆಯನ್ನು ತೊಳೆಯುವ ಸೋಡಾ ಹಾಕಿ ತಿಕ್ಕಿ, ಮಾಲೆಗಳನ್ನು ಇಳಿಸಿ, ಕಪಾಟುಗಳ ಮುಂದೆ ಅವ್ವನ ಹಸಿರು ಇಳಕಲ್ ಸೀರೆಯನ್ನು ಗೋಡೆಯಿಂದ ಗೋಡೆಗೆ ಕಟ್ಟಿದ. ಅವನು ಇದನ್ನು ಮನಸ್ಸಿಟ್ಟೇ ಮಾಡಿದ. ಮೊಳೆ ಹೊಡೆಯುವಾಗ ಸೀರೆಗೆ ತೂತಾಗಬಾರದೆಂದು ಅಂಚಿಗೆ ಬಟ್ಟೆಯ ತುಂಡು ಮಡಚಿಟ್ಟ. ತಾಯಿಯ ಆಸೆ ನೆರವೇರಬೇಕೆಂಬುದು ಅವನಲ್ಲಿ ನಿಜವಾಗಿಯೂ ಇತ್ತು, ಅಂಗಡಿ ಬಿಡಬಾರದೆಂಬುದೂ ಅಷ್ಟೇ ನಿಜವಾಗಿತ್ತು.

ಬೆಳಿಗ್ಗೆ ನಾವು ನಾಲ್ವರೂ ಮಡಿಬಟ್ಟೆ ಉಟ್ಟು ಕಟ್ಟೆಯ ಮೇಲೆ ನಿಂತೆವು. ಆಯಿಯ ಕೈಯಲ್ಲಿ ತೆಂಗಿನಕಾಯಿ ಇಟ್ಟ ಕಳಶ. ಒಳಗೆ ಆಯಿ ಮತ್ತು ಅವ್ವ ಸೇರಿ ಮಾಡಿದ ಅಡುಗೆ, ಕಾಯಿಸಿ ಆರಿಸಿದ ಬಾವಿಯ ನೀರು. ಮುನಿಗಳು ಬಲಗೈ ಬೆರಳುಗಳನ್ನು ಕೂಡಿಸಿ ಭುಜದ ಮೇಲಿಟ್ಟುಕೊಂಡು, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲು ಹಿಡಿದು ನಡೆದುಬಂದರು. ಹಿಂದೆ ಬಸದಿಯ ಜನ. ನಮಗಿಂತ ಮೊದಲು ಎರಡು ಮನೆಯವರು ನಿಂತಿದ್ದರು. ಅವರ ಮುಂದೆ ನಿಲ್ಲದೆ ದಾಟಿ ಬಂದು, ನಮ್ಮ ಕಟ್ಟೆಯ ಕೆಳಗೆ ನಿಂತರು. ಹಿಂದಿದ್ದವರಲ್ಲಿ ಯಾರೋ ಜಯಕಾರ ಹಾಕಿದರು. ನಾವು ಕೆಳಗಿಳಿದು ಪ್ರದಕ್ಷಿಣೆ ಹಾಕಿದೆವು. ಇನ್ನು ಆಯಿ ಹೇಳಬೇಕಿತ್ತು.

ಆಯಿ ಹೇಳಲಿಲ್ಲ. ಮರೆತಳೇನೋ ಎಂದು ಮೊದಲು ಎಲ್ಲರೂ ಅಂದುಕೊಂಡಿರಬೇಕು. ಪದ್ಮಕ್ಕ ಹಿಂದಿನಿಂದ ಮೆಲ್ಲಗೆ ಮೊದಲ ಪದ ಎತ್ತಿಕೊಟ್ಟರು. ಆಯಿ ಸುಮ್ಮನೆ ನಿಂತಿದ್ದಳು. ಅವ್ವನಿಗೂ ಆ ಮಾತು ಬಾಯಿಪಾಠವಿತ್ತು. ಅವಳು ಒಮ್ಮೆ ಆಯಿಯ ಮುಖ ನೋಡಿದಳು, ಹೇಳಲಿಲ್ಲ. ಕೊನೆಗೆ ಅಪ್ಪ "ಮನಶುದ್ಧಿ" ಎಂದು ಶುರುಮಾಡಿದ. ಆಯಿ ಕಳಶವನ್ನು ಒಂದು ಕೈಗೆ ಬದಲಿಸಿ, ಇನ್ನೊಂದು ಕೈಯನ್ನು ಅವನ ಮುಂಗೈಯ ಮೇಲಿಟ್ಟಳು. ಅಪ್ಪ ನಿಂತುಬಿಟ್ಟ. ಮುನಿಗಳು ಸ್ವಲ್ಪ ಹೊತ್ತು ಕಾದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಹೆಜ್ಜೆ ಮುಂದಿಟ್ಟರು. ಓಣಿಯ ತಿರುವಿನ ಮನೆಯಲ್ಲಿ ಅವರಿಗೆ ಆಹಾರವಾಯಿತೆಂದು ನಂತರ ತಿಳಿಯಿತು. ಆಯಿ ಅದನ್ನು ತಿಳಿದುಕೊಂಡ ಮೇಲೆಯೇ ಒಂದು ಲೋಟ ನೀರು ಕುಡಿದಳು.

ಅಪ್ಪ ಸೀರೆ ಬಿಚ್ಚಲಿಲ್ಲ, ಅಂಗಡಿ ತೆರೆಯಲಿಲ್ಲ. ನಡುಮನೆಯಲ್ಲಿ ಕುಳಿತು ಕೇಳಿದ. ಅವನ ದನಿ ಏರಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು.

"ಊರ ಮುಂದ ಹಿಂಗ್ಯಾಕ ಮಾಡಿದಿ?"

"ಖರೇ ಇರ್ಲಿಲ್ಲ. ಅನ್ನಲಿಲ್ಲ."

"ಏನ ಖರೇ ಇರ್ಲಿಲ್ಲ? ನೀ ಬಿಟ್ಟಿ. ಅಡಗಿ ಶುದ್ಧ, ನೀರು ಶುದ್ಧ. ಸರಕನೂ ಮುಚ್ಚಿದ್ದೆ."

"ನಾ ಬಿಟ್ಟೆ ಅಂತ ತಿಳ್ಕೊಂಡಿದ್ದೆ. ನನ್ನ ಮಂದೀನ ನಿನ್ನ ಕಟ್ಟಿಗೆ ಕಳಿಸಿದ್ದೆ, ಅಷ್ಟ."

"ಅವರಿಗೆ ಬೇಕು, ತಗೋತಾರು. ನಾ ಕೊಡದಿದ್ರ ಮೂಲಿ ಅಂಗಡ್ಯಾವ ಕೊಡತಾನು. ಈ ಹುಡುಗೀನ ಸಾಲೀಗೆ ಯಾವ ರೊಕ್ಕದಾಗ ಕಳಿಸ್ಲಿ, ಹೇಳು."

ಎಲ್ಲರೂ ನನ್ನನ್ನು ನೋಡಿದರು. ನಾನು ಎದ್ದು ಅಡುಗೆಮನೆಗೆ ಹೋದೆ. ಯಾರಿಗೂ ಬಡಿಸದ ಅಡುಗೆ ಅಲ್ಲಿ ಸಾಲಾಗಿ ಮುಚ್ಚಿಟ್ಟಿತ್ತು.

ಕೆಲವು ದಿನ ತಾಯಿ ಮಗ ಬೇಕಾದದ್ದನ್ನು ನನ್ನ ಮೂಲಕ ಕೇಳಿಕೊಳ್ಳುತ್ತಿದ್ದರು. ಆಮೇಲೆ ಒಂದು ಸಂಜೆ ಅಪ್ಪ ಗೌಂಡಿಯೊಬ್ಬನನ್ನು ಕರೆದುತಂದು ಗೋಡೆ ಅಳೆಯಿಸಿದ. ಗಾದಿಯ ಹಿಂದಿನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ಬಾಜೂ ಸಂದಿಯ ಕಡೆ ಮನೆಗೊಂದು ಬೇರೆ ಬಾಗಿಲು ತೆಗೆಯುವುದು ಅವನ ವಿಚಾರ. ಆಗ ಅಂಗಡಿ ಅಂಗಡಿಯಾಗಿ, ಮನೆ ಮನೆಯಾಗಿ ಇರುತ್ತದೆ. ಮುಂದಿನ ಚಾತುರ್ಮಾಸಕ್ಕೆ ಆಯಿ ತನ್ನದೇ ಹೊಸ್ತಿಲಲ್ಲಿ ನಿಲ್ಲಬಹುದು. ಆಯಿ ಗೌಂಡಿಯ ಟೇಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕೊನೆಯವರೆಗೂ ನೋಡಿದಳು.

"ಗುಟಕಾದಂಗ ಮನೀನೂ ಎರಡ ಚೀಟ ಮಾಡಿದೆಲ್ಲೋ," ಎಂದಳು.

ಗೌಂಡಿ ಅರ್ಥವಾಗದೆ ಅಪ್ಪನನ್ನು ನೋಡಿದ. ಅವ್ವ ಅಡುಗೆಮನೆಯಲ್ಲಿ ಜೋರಾಗಿ ನಕ್ಕಳು. ಆ ಮನೆಯಲ್ಲಿ ಅವ್ವ ಹಾಗೆ ನಕ್ಕದ್ದು ಅಪರೂಪ. ಅಪ್ಪನೂ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದ. ಗೋಡೆ ಆಯಿತು, ಹೊಸ ಬಾಗಿಲೂ ಆಯಿತು. ಅನುಕೂಲವೇ ಆಯಿತು, ನನ್ನ ಗೆಳತಿಯರು ಹೆಚ್ಚಾಗಿ ಬರತೊಡಗಿದರು. ಆಯಿ ದಿನವೂ ಆ ಬಾಗಿಲಿಗೆ ರಂಗೋಲಿ ಹಾಕಿದಳು. ಕಳಶ ಹಿಡಿದು ಅಲ್ಲಿ ಎಂದೂ ನಿಲ್ಲಲಿಲ್ಲ.

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದೆ. ಒಂದು ವಸ್ತುವಿನ ಬೆಲೆ ಏರಿದಾಗ ಜನ ಅದನ್ನು ಬಿಡುತ್ತಾರೋ ಅಥವಾ ಅದರ ಪಕ್ಕದ್ದಕ್ಕೆ ಕೈ ಹಾಕುತ್ತಾರೋ ಎಂಬುದಕ್ಕೆ ಅಲ್ಲಿ ರೇಖಾಚಿತ್ರಗಳಿದ್ದವು. ತರಗತಿಯಲ್ಲಿ ತಂಬಾಕಿನ ಮೇಲಿನ ತೆರಿಗೆಯನ್ನೇ ಉದಾಹರಣೆಯಾಗಿ ಕೊಡುತ್ತಿದ್ದರು. ಪೂರ್ತಿ ನಿಷೇಧಿಸಬೇಕೆಂದು ಕೆಲವರು, ತೆರಿಗೆ ಸಾಕೆಂದು ಕೆಲವರು ವಾದಿಸುತ್ತಿದ್ದರು. ನನ್ನನ್ನು ಕೇಳಿದಾಗ ನಾನು ಪುಸ್ತಕದಲ್ಲಿ ಇದ್ದಷ್ಟನ್ನು ಹೇಳಿ ಕೂರುತ್ತಿದ್ದೆ. ಮಗ್ಗದ ಮನೆಯ ಹೆಂಗಸರು ಸಂದಿಯಿಂದ ಸುತ್ತಿ ಮುಂದಿನ ಕಟ್ಟೆಗೆ ಬಂದದ್ದು ನನಗೆ ಗೊತ್ತಿತ್ತು. ಅದು ಯಾವ ರೇಖೆಯ ಮೇಲೆ ಬರುತ್ತದೆಂಬುದೂ ಗೊತ್ತಿತ್ತು. ಆದರೆ ಆಯಿ ಹಂಚನ್ನು ಹಳೇಸಾಮಾನಿಗೆ ಹಾಕಿದ್ದು ತಪ್ಪೆಂದು ಆ ರೇಖೆಯಿಂದ ಹೇಳಲು ನನಗೆ ಆಗುತ್ತಿರಲಿಲ್ಲ. ಖಚಿತವಿಲ್ಲದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗೆ ಇಂದಿಗೂ ಬಂದಿಲ್ಲ. ಸಹೋದ್ಯೋಗಿಗಳು ಇದನ್ನು ಬಿಗುಮಾನ ಎನ್ನುತ್ತಾರೆ. ಇತ್ತೀಚೆಗೆ ತೆರಿಗೆಯನ್ನು ಮತ್ತೆ ಏರಿಸಿದ್ದಾರೆ, ಅಪ್ಪನ ಅಂಗಡಿ ಇನ್ನೂ ಇದೆ. ನನ್ನ ಶುಲ್ಕವೆಲ್ಲ ಅಲ್ಲಿಂದಲೇ ಹೋಯಿತು. ಪೂರ್ತಿ ನಿಷೇಧವಾದರೆ ಅಂದೇ ಬಿಡುತ್ತೇನೆಂದು ಅವನು ಈಗ ಹೇಳುವುದಿಲ್ಲ.

ಗೋಡೆ ಕಟ್ಟಿದ ಮರುವರ್ಷ ಚಂದಕ್ಕ ಹೇಳಿದಂತೆ ಮುನಿಗಳು ಖಾನಾಪುರದಲ್ಲಿ ಉಳಿದರು. ಅಪ್ಪ ಸರಕು ಹಂಚುವ ತನ್ನ ವ್ಯಾನನ್ನು ಖಾಲಿ ಮಾಡಿ, ತೊಳೆದು, ನಮ್ಮನ್ನು ಕೂರಿಸಿಕೊಂಡು ಹೊರಟ. ಎಷ್ಟು ತೊಳೆದರೂ ಅದರ ವಾಸನೆ ಹೋಗಿರಲಿಲ್ಲ.  ಆಯಿ ನೀರು ಸೋಸಲು, ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ಅಷ್ಟೇ ಎಂದು ಹೇಳಿದ್ದಳು. ಚಂದಕ್ಕನ ಮನೆಯ ಮುಂದೆ ಅಪ್ಪ ವ್ಯಾನನ್ನು ರಸ್ತೆಯ ಆಚೆ ನಿಲ್ಲಿಸಿದ.

ಆ ಬೆಳಿಗ್ಗೆ ಮುನಿಗಳು ಚಂದಕ್ಕನ ಬಾಗಿಲಿನ ಮುಂದೆಯೇ ನಿಂತರು. ಪ್ರದಕ್ಷಿಣೆ ಮುಗಿಯಿತು. ಮುಂದೆ ನಿಂತಿದ್ದ ಚಂದಕ್ಕ ತಾನು ಹೇಳದೆ, ಹಿಂದೆ ಕಂಬಕ್ಕೆ ಒರಗಿದ್ದ ಆಯಿಯ ಮೊಣಕೈ ಹಿಡಿದು ಮುಂದೆ ಎಳೆದಳು.

"ನಿನ್ನ ಹೊಸ್ತಲಾ ನಿನ್ನದು ಅಂದಿದ್ದೆಲ್ಲ, ಹೌದು, ನನ್ನದ ಇದು. ನೀರು ನೀನ ಸೋಸಿದಿ, ಹಿಟ್ಟ ನೀನ ಬೀಸಿದಿ. ಇಲ್ಲಿ ಏನ ಖರೇ ಐತಿ ಅಷ್ಟ ಅನ್ನು, ಸಾಕು."

ಆಯಿ ಮುನಿಗಳ ಪಾದಗಳನ್ನು ನೋಡುತ್ತ ನಿಂತಳು. ಹಿಂದಿನ ವರ್ಷದಷ್ಟೇ ಹೊತ್ತು ಆಯಿತೆಂದು ನನಗೆ ಅನ್ನಿಸಿತು. ಅವ್ವ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಆಯಿ ಹೇಳಿದಳು. ಒಂದೊಂದು ಪದವನ್ನೂ ಬೇರೆ ಬೇರೆಯಾಗಿ, ಪ್ರತಿಯೊಂದರ ನಂತರ ಅದು ಸರಿಯಿದೆಯೇ ಎಂದು ನೋಡಿಕೊಳ್ಳುವವಳಂತೆ ನಿಲ್ಲಿಸಿ ಹೇಳಿದಳು. ಮುನಿಗಳು ಹೊಸ್ತಿಲು ದಾಟಿದರು. ಒಳಗೆ ಅವರ ಬೊಗಸೆಗೆ ಮೊದಲ ನೀರು ಹಾಕಿದವಳು ಅವಳೇ. 

ಎಲ್ಲ ಮುಗಿದ ಮೇಲೆ ಅಪ್ಪ ಕಾಣಲಿಲ್ಲ. ಬಾಗಿಲಿಗೆ ಬಂದು ನೋಡಿದರೆ ಅವನು ರಸ್ತೆಯ ಆಚೆಯೇ, ವ್ಯಾನಿನ ಪಕ್ಕದಲ್ಲಿ, ಮಡಿಬಟ್ಟೆಯಲ್ಲಿ, ಬಿಸಿಲಿಗೆ ನಿಂತಿದ್ದ. ಅವನನ್ನು ಬೇಡವೆಂದವರು ಯಾರೂ ಇರಲಿಲ್ಲ.

"ಅಪ್ಪಾಸಾಬ, ಒಳಗ ಬಾರೋ," ಎಂದು ಚಂದಕ್ಕ ಕೂಗಿದಳು.

"ಇರ್ಲಿ ಮೌಸಿ. ಇಲ್ಲೇ ಛಲೋ ಅದೇನಿ."

ಆಯಿ ಒಳಗೆ ಹೋಗಿ ಉಳಿದ ಅಡುಗೆಯನ್ನು ಒಂದು ತಟ್ಟೆಗೆ ಬಡಿಸಿಕೊಂಡು ಬಂದಳು. ಚಪ್ಪಲಿ ಹಾಕಿಕೊಳ್ಳದೆ ರಸ್ತೆ ದಾಟಿದಳು. ನೀರಿನ ತಂಬಿಗೆ ಹಿಡಿದು ನಾನು ಹಿಂದೆ ಹೋದೆ. ಅವಳು ತಟ್ಟೆಯನ್ನು ವ್ಯಾನಿನ ಬಾನೆಟ್ಟಿನ ಮೇಲಿಡದೆ ಅವನ ಕೈಗೇ ಕೊಟ್ಟಳು.

"ಉಣ್ಣು," ಎಂದಳು. "ಶುದ್ಧ ಅದೀಯೋ ಇಲ್ಲೋ ಅಂತ ನಿನ್ನ ಯಾರೂ ಕೇಳೂದಿಲ್ಲ ಇಲ್ಲಿ."

ಅಪ್ಪ ತಂಬಿಗೆಯ ನೀರಿನಿಂದ ಮೊಣಕೈವರೆಗೆ ಕೈ ತೊಳೆದ. ಆಮೇಲೆ ನಿಂತುಕೊಂಡೇ, ತಟ್ಟೆಯಿಂದ ತಲೆ ಎತ್ತದೆ, ಪೂರ್ತಿ ಉಂಡ.